ಕಡ್ಡಿ ಗುಡ್ಡವಾಗುವ ಲೆಕ್ಕ

ಉಡುಪಿ ಹತ್ತಿರದ ನಮ್ಮೂರಿನ ಸಂಘವೊಂದರ ಮಹಾಸಭೆಗೆ ಹೋಗಿದ್ದೆ. ಕಟ್ಟಡದ ಮಾಡು ರಿಪೇರಿಗೆ ಲಕ್ಷಗಟ್ಟಲೆ ಖರ್ಚಾಗಿತ್ತು. ಕಾರ್ಯದರ್ಶಿ ಲೆಕ್ಕ ಓದಿದರು, ಯಾರೋ ಅನುಮೋದಿಸಿದರು, ಮುಗಿಯಿತು. ಚಹಾ ಆರುವಷ್ಟು ಹೊತ್ತೂ ಹಿಡಿಯಲಿಲ್ಲ. ಆಮೇಲೆ ಹಿರಿಯರೊಬ್ಬರು ಎದ್ದರು. ವಾರ್ಷಿಕೋತ್ಸವದ ಆಮಂತ್ರಣ ಪತ್ರಿಕೆಯಲ್ಲಿ ತಮ್ಮ ಹೆಸರು ಮಾಜಿ ಅಧ್ಯಕ್ಷರ ಹೆಸರಿನ ಕೆಳಗೆ ಬಂದದ್ದು ಯಾಕೆ? ಊಟದ ಹೊತ್ತಿನವರೆಗೆ ಅದೇ ಆಯಿತು ಮಾರಾಯ್ರೆ.

ನಮ್ಮ ಕಡೆ ಕಾರ್ಡಿನಲ್ಲಿ ಹೆಸರು ಎಂದರೆ ಸಣ್ಣ ಸಂಗತಿಯಲ್ಲ, ಒಪ್ಪುತ್ತೇನೆ. ಸರ್ಕಾರಿ ಕಾರ್ಯಕ್ರಮವಾದರೆ ಅದಕ್ಕೆ 'ಶಿಷ್ಟಾಚಾರ ಉಲ್ಲಂಘನೆ' ಎಂಬ ದೊಡ್ಡ ಹೆಸರೇ ಉಂಟು. ಆದರೆ ಲಕ್ಷದ ಲೆಕ್ಕಕ್ಕೆ ಯಾರೂ ಬಾಯಿ ಬಿಡಲಿಲ್ಲವಲ್ಲ?

ಬ್ರಿಟನ್ನಿನ ನೌಕಾ ಇತಿಹಾಸಕಾರ ಸಿ. ನಾರ್ತ್‌ಕೋಟ್ ಪಾರ್ಕಿನ್ಸನ್ 1957ರಲ್ಲೇ ಇದನ್ನು ಗೇಲಿ ಮಾಡಿದ್ದರು. ಅವರು ಕಲ್ಪಿಸಿದ ಹಣಕಾಸು ಸಮಿತಿ ಕೋಟಿಗಟ್ಟಲೆಯ ಅಣು ರಿಯಾಕ್ಟರನ್ನು ಎರಡೂವರೆ ನಿಮಿಷದಲ್ಲಿ ಪಾಸು ಮಾಡುತ್ತದೆ. ಸೈಕಲ್ ಶೆಡ್ಡಿಗೆ 45 ನಿಮಿಷ ಬೇಕು. ಸಭೆಯ ಕಾಫಿ-ತಿಂಡಿಗೆ ಒಂದೂಕಾಲು ಗಂಟೆ! ರಿಯಾಕ್ಟರ್ ಯಾರಿಗೂ ಅರ್ಥವಾಗುವುದಿಲ್ಲ, ಕಾಫಿಯ ಬಗ್ಗೆ ಎಲ್ಲರೂ ಪಂಡಿತರು. ಇದು ಪ್ರಯೋಗವಲ್ಲ, ತಮಾಷೆ. ಆದರೂ ಯಾವುದೇ ಸಂಘದಲ್ಲಿ ಒಂದು ವರ್ಷ ಕಳೆದವರಿಗೆ ಪುರಾವೆ ಬೇಕಾಗುವುದಿಲ್ಲ.

ಜಗಳ ಶುರುವಾಗುವುದು ಯಾಕೆ ಎಂದೇನೋ ಗೊತ್ತಾಯಿತು. ಬೆಳೆಯುವುದು ಯಾಕೆ? ಆ ಹಿರಿಯರೂ ಮಾಜಿ ಅಧ್ಯಕ್ಷರೂ ಬೇರೆ ಬೇರೆ ಸಿಕ್ಕಾಗ ನನ್ನಲ್ಲಿ ಹೇಳಿದ್ದು ಒಂದೇ ಮಾತು: "ನಾನಾಗಿ ಏನೂ ಹೇಳಿಲ್ಲ. ಅವರು ಎಷ್ಟು ಹೇಳಿದರೋ ಅಷ್ಟೇ ತಿರುಗಿ ಹೇಳಿದೆ." ಇಬ್ಬರೂ ಸುಳ್ಳು ಹೇಳಿದ ಹಾಗೆ ಕಾಣಲಿಲ್ಲ.

2003ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಹೆಚ್ಚುಕಡಿಮೆ ಇದನ್ನೇ ಬೆರಳುಗಳಲ್ಲಿ ಅಳೆದರು. ಒಬ್ಬರ ಬೆರಳನ್ನು ಮೆಲ್ಲನೆ ಒತ್ತಲಾಯಿತು. ಅವರು ಅಷ್ಟೇ ಬಲದಿಂದ ಇನ್ನೊಬ್ಬರ ಬೆರಳನ್ನು ಒತ್ತಬೇಕು. ಆ ಇನ್ನೊಬ್ಬರು ತಿರುಗಿ ಅಷ್ಟೇ ಒತ್ತಬೇಕು. ಒಬ್ಬರಿಗೆ ಕೊಟ್ಟ ಸೂಚನೆ ಇನ್ನೊಬ್ಬರಿಗೆ ಗೊತ್ತಿಲ್ಲ. ಸಿಟ್ಟಿಲ್ಲ, ಸೆಡವಿಲ್ಲ, ಹಳೆಯ ಬಾಕಿಯೂ ಇಲ್ಲ. ಆದರೂ ಪ್ರತಿ ಸರದಿಗೆ ಬಲ ಸರಾಸರಿ ಶೇ. 38ರಷ್ಟು ಏರಿತು. ಚಕ್ರಬಡ್ಡಿಯ ಹಾಗೆ ಲೆಕ್ಕ ಹಾಕಿ ನೋಡಿ, ಎಂಟು ಸರದಿಗೆ 13 ಪಟ್ಟು!

ಕಾರಣ ಮಿದುಳಿನ ಒಂದು ಜಾಣತನ. ನಾವೇ ಮಾಡುವ ಕೆಲಸದಿಂದ ಯಾವ ಸ್ಪರ್ಶ ಉಂಟಾಗುತ್ತದೆ ಎಂದು ಅದು ಮೊದಲೇ ಅಂದಾಜು ಮಾಡಿ, ಅಷ್ಟನ್ನು ಕಳೆದುಬಿಡುತ್ತದೆ. ನಮಗೆ ನಾವೇ ಕಚಗುಳಿ ಇಟ್ಟುಕೊಳ್ಳಲು ಆಗದಿರುವುದು ಇದರಿಂದಲೇ. ಹಾಗಾಗಿ ನಾವು ಒತ್ತಿದ್ದು ನಮಗೆ ಕಡಿಮೆ ಅನಿಸುತ್ತದೆ. ಎದುರಿನವರು ಒತ್ತಿದ್ದು ಪೂರ್ತಿ ಲೆಕ್ಕಕ್ಕೆ ಬರುತ್ತದೆ. ಬೆರಳಿನ ಬದಲು ಜಾಯ್‌ಸ್ಟಿಕ್ ಕೊಟ್ಟು ಯಂತ್ರದಿಂದ ಒತ್ತಿಸಿದಾಗ ಜನ ಸುಮಾರು ಸರಿಯಾಗಿಯೇ ಒತ್ತಿದರು.

ಬೆರಳಿನ ಮಾತನ್ನು ನಾಲಗೆಗೆ ನೇರವಾಗಿ ಹೊಂದಿಸುವುದು ತಪ್ಪು. ಪತ್ರಿಕಾಗೋಷ್ಠಿಯ ಬೈಗುಳವನ್ನು ನ್ಯೂಟನ್‌ನಲ್ಲಿ ಅಳೆಯಲು ಆಗುವುದಿಲ್ಲ. ಆದರೆ ಮಂಗಳೂರಿನಲ್ಲಿ ಬೆಳಿಗ್ಗೆ ಒಂದು ಹೇಳಿಕೆ, ಸಂಜೆ ಒಂದು ಪ್ರತಿಹೇಳಿಕೆ ನೋಡುವಾಗ ಆ ಬೆರಳುಗಳು ನೆನಪಾಗುತ್ತವೆ. ಅಲ್ಲಿ ಇನ್ನೊಂದು ಬಲವೂ ಸೇರುತ್ತದೆ, ನೋಡುವವರದ್ದು. ಅಮೆರಿಕದ ಸಂಶೋಧಕರು 2017ರಲ್ಲಿ ಐದು ಲಕ್ಷಕ್ಕೂ ಜಾಸ್ತಿ ಟ್ವೀಟುಗಳನ್ನು ಪರಿಶೀಲಿಸಿದರು. 'ನಾಚಿಕೆಗೇಡು' ಎಂಬಂಥ, ಸರಿ-ತಪ್ಪಿನ ಜೊತೆ ಭಾವನೆಯನ್ನೂ ಬೆರೆಸಿದ ಪದ ಒಂದೊಂದು ಸೇರಿದಾಗಲೂ ಟ್ವೀಟು ಹರಡುವುದು ಶೇ. 20ರಷ್ಟು ಜಾಸ್ತಿಯಾಗುತ್ತಿತ್ತು. ಮೆತ್ತಗೆ ಮಾತಾಡಿದವರ ಸುದ್ದಿ ಯಾರಿಗೆ ಬೇಕು, ಅಲ್ವಾ?

ನಮ್ಮ ಸಂಘದ ಕಾರ್ಡು ಮತ್ತೊಮ್ಮೆ ಪ್ರಿಂಟ್ ಆಯಿತು. ಮುಂದಿನ ಸಭೆಯ ನೋಟಿಸೂ ಬಂದಿದೆ. ವಿಷಯ: ಆಮಂತ್ರಣ ಪತ್ರಿಕೆ ತಯಾರಿಗೆ ಉಪಸಮಿತಿ ರಚನೆ.