ಆರ್ಥರನ ಕತ್ತಿ ಕಲ್ಲಿನದೋ, ಸರೋವರದ್ದೋ?

ಬ್ರಿಟನ್ನಿನ ದಂತಕಥೆಗಳ ದೊರೆ ಆರ್ಥರನ ಕತ್ತಿಯ ಹೆಸರು ಎಕ್ಸ್‌ಕ್ಯಾಲಿಬರ್. ಹುಡುಗನಾಗಿದ್ದಾಗ ಕಲ್ಲಿನಿಂದ ಕಿತ್ತು ಅವನು ದೊರೆಯಾದ ಕತ್ತಿಯೇ ಅದು ಎಂದು ಒಬ್ಬರೆಂದರೆ, ಅಲ್ಲ, ಅದನ್ನು ಕೊಟ್ಟವಳು ಸರೋವರದ ದೇವಿ ಎಂದು ಇನ್ನೊಬ್ಬರು ತಿದ್ದುತ್ತಾರೆ. ಇಬ್ಬರಿಗೂ ಹಳೆಯ ಆಧಾರವಿದೆ. ಈ ಗೊಂದಲ ಸಿನಿಮಾದವರು ಹುಟ್ಟಿಸಿದ್ದಲ್ಲ, 13ನೇ ಶತಮಾನದಷ್ಟು ಹಳೆಯದು.

ಮೊದಲು ಕಲ್ಲೂ ಇರಲಿಲ್ಲ, ಸರೋವರವೂ ಇರಲಿಲ್ಲ. 1130ರ ದಶಕದಲ್ಲಿ ಮಾನ್‌ಮತ್‌ನ ಜೆಫ್ರಿ ಲ್ಯಾಟಿನ್‌ನಲ್ಲಿ ಬರೆದ ಬ್ರಿಟನ್ ರಾಜರ ಚರಿತ್ರೆಯಲ್ಲಿ ಅದು ಅವಲಾನ್ ದ್ವೀಪದಲ್ಲಿ ತಯಾರಾದ ಕತ್ತಿ, ಹೆಸರು ಕ್ಯಾಲಿಬರ್ನಸ್. ರಾಜಕಾರಣಕ್ಕೆ ಅಷ್ಟೇ ಸಾಕಿತ್ತು. 1191ರಲ್ಲಿ ಇಂಗ್ಲೆಂಡಿನ ದೊರೆ ರಿಚರ್ಡ್, ಸಿಸಿಲಿಯ ಟ್ಯಾಂಕ್ರೆಡ್‌ಗೆ ಒಂದು ಕತ್ತಿಯನ್ನು ಆರ್ಥರನದೆಂದೇ ಉಡುಗೊರೆ ಕೊಟ್ಟ. 1200ರ ಆಸುಪಾಸಿನಲ್ಲಿ ರಾಬರ್ ದ ಬೋರೋನ್ ಹೇಳಿದ ಮಾಂತ್ರಿಕ ಮೆರ್ಲಿನನ ಕಥೆಯಲ್ಲಿ ಚರ್ಚಿನ ಮುಂದೆ ಕಲ್ಲು, ಅದರ ಮೇಲೆ ಕಮ್ಮಾರನ ಅಡಿಗಲ್ಲು, ಅದರಲ್ಲಿ ನೆಟ್ಟ ಕತ್ತಿ ಕಾಣಿಸಿಕೊಂಡವು. ಆಮೇಲಿನ ಫ್ರೆಂಚ್ ಗದ್ಯಕಥೆಗಳಲ್ಲಿ ಕೆಲವು ಅದನ್ನೇ ಎಕ್ಸ್‌ಕ್ಯಾಲಿಬರ್ ಎಂದವು, ಕೆಲವು ಎಕ್ಸ್‌ಕ್ಯಾಲಿಬರನ್ನು ಸರೋವರದಿಂದ ತರಿಸಿದವು.

ಇವೆಲ್ಲ ಬಂದು ಸೇರಿದ್ದು ಥಾಮಸ್ ಮ್ಯಾಲರಿಯ ಇಂಗ್ಲಿಷ್ ಕೃತಿಯಲ್ಲಿ. ಕ್ಯಾಕ್ಸ್‌ಟನ್ ಅದನ್ನು ಅಚ್ಚು ಹಾಕಿದ್ದು 1485ರಲ್ಲಿ. ಅಲ್ಲಿ ಮೊದಲ ಕತ್ತಿ ಪೆಲ್ಲಿನೋರ್ ದೊರೆಯ ಜೊತೆಗಿನ ಕಾಳಗದಲ್ಲಿ ಮುರಿಯುತ್ತದೆ, ಎರಡನೆಯದು ನೀರಿನಿಂದ ಎದ್ದ ಕೈಯಿಂದ ಸಿಗುತ್ತದೆ. ಆದರೆ ಸರೋವರಕ್ಕೆ ಹೋಗುವ ಮುಂಚಿನ ಒಂದು ಯುದ್ಧದಲ್ಲೇ ಆರ್ಥರ್ ಹಿರಿದ ಕತ್ತಿಗೆ ಎಕ್ಸ್‌ಕ್ಯಾಲಿಬರ್ ಎಂಬ ಹೆಸರಿದೆ. ಓದುಗರು ತಬ್ಬಿಬ್ಬಾಗುವುದು ಸಹಜ.

ಈ ಜಗಳದಲ್ಲಿ ಕಳೆದುಹೋದದ್ದು ಸರೋವರದಲ್ಲಿ ಸಿಕ್ಕ ಕತ್ತಿಯ ಒರೆ. ಕತ್ತಿ ಇಷ್ಟವೋ, ಒರೆಯೋ ಎಂದು ಮೆರ್ಲಿನ್ ಕೇಳುತ್ತಾನೆ. ಹರೆಯದ ಆರ್ಥರ್ ಕತ್ತಿ ಎನ್ನುತ್ತಾನೆ. ಅಂಥ ಹತ್ತು ಕತ್ತಿಗಿಂತ ಒರೆಯೇ ಮೇಲು, ಅದು ಸೊಂಟದಲ್ಲಿರುವಷ್ಟು ಕಾಲ ಎಂಥ ಗಾಯವಾದರೂ ರಕ್ತ ಹರಿಯದು ಎಂದು ಮೆರ್ಲಿನ್ ತಿದ್ದುತ್ತಾನೆ. ಇಡೀ ಕೃತಿಯಲ್ಲಿ ಇದಕ್ಕಿಂತ ತೂಕದ ಮಾತು ನನಗೆ ಕಂಡಿಲ್ಲ. ಮುಂದೆ ಆರ್ಥರ್ ಒರೆಯನ್ನು ಕಾಯಲು ಕೊಡುವುದು ಅಕ್ಕ ಮಾರ್ಗನ್‌ಳ ಕೈಗೆ. ಅವಳು ನಕಲಿ ಮಾಡಿಸಿ, ಅಸಲಿ ಕತ್ತಿ ಮತ್ತು ಒರೆಯನ್ನು ಪ್ರಿಯಕರ ಅಕ್ಕೊಲಾನ್‌ಗೆ ಕೊಡುತ್ತಾಳೆ. ಆರ್ಥರ್ ಎರಡನ್ನೂ ಹೇಗೋ ಮರಳಿ ಪಡೆಯುತ್ತಾನೆ. ಒಂದು ದಿನ ಅವನು ಮಲಗಿದ್ದಾಗ ಅವಳು ಮತ್ತೆ ಬರುತ್ತಾಳೆ. ಹಿರಿದ ಕತ್ತಿ ಅವನ ಮುಷ್ಟಿಯಲ್ಲಿದೆ, ಒರೆ ಮಾತ್ರ ಸಿಗುತ್ತದೆ. ಅದನ್ನು ಆಳದ ನೀರಿಗೆ ಎಸೆಯುತ್ತಾಳೆ. ಚಿನ್ನ, ರತ್ನಗಳ ಭಾರಕ್ಕೆ ಅದು ಮುಳುಗುತ್ತದೆ. ಕೊನೆಯ ಕಾಳಗದಲ್ಲಿ ತಿರುಗಿಬಿದ್ದ ಮಗ ಮಾರ್ಡ್ರೆಡ್‌ನ ಏಟು ತಲೆಗೆ ಬಿದ್ದಾಗ ಆರ್ಥರನಲ್ಲಿ ಕತ್ತಿಯಿದೆ, ಒರೆಯಿಲ್ಲ.

ಮಕ್ಕಳಿಗೆಂದು ಸಂಗ್ರಹಿಸಿದ ಕಥೆಗಳಲ್ಲಿ ಕಲ್ಲಿನ ದೃಶ್ಯ ಉಳಿಯುತ್ತದೆ, ಒರೆಯ ಕಳವು ಹೆಚ್ಚಾಗಿ ಬಿಟ್ಟುಹೋಗುತ್ತದೆ. ಹಾಗಾದಾಗ ತಾನೇ ಕಡೆಗಣಿಸಿದ್ದನ್ನು ಕಳೆದುಕೊಂಡ ದೊರೆಯ ಬದಲು ಬರೀ ಗೆದ್ದ ಹುಡುಗನೊಬ್ಬ ನಮಗೆ ಸಿಗುತ್ತಾನೆ.