ಅಣುಸ್ಥಾವರದ ಪಕ್ಕದ ಶಾಲೆ: ಮೊದಲ ಗಂಟೆಯಲ್ಲಿ ಮೇಷ್ಟ್ರು ಏನು ಮಾಡಬೇಕು?

1986ರ ಏಪ್ರಿಲ್ 26, ಶನಿವಾರ. ನಡುರಾತ್ರಿ ಕಳೆದು 1.23ಕ್ಕೆ ಸೋವಿಯತ್ ಒಕ್ಕೂಟದ ಚೆರ್ನೋಬಿಲ್ ಅಣುಸ್ಥಾವರದ ನಾಲ್ಕನೇ ರಿಯಾಕ್ಟರ್ ಸ್ಫೋಟಿಸಿತು. ಮೂರು ಕಿಲೋಮೀಟರ್ ಆಚೆಗಿನ ಪ್ರಿಪ್ಯಾತ್ ಊರಿನ ಮಕ್ಕಳು ಬೆಳಿಗ್ಗೆ ಎಂದಿನಂತೆ ಶಾಲೆಗೆ ಹೋದರು. ಊರು ಖಾಲಿ ಮಾಡಿಸಲು ಬಸ್ಸುಗಳು ಹೊರಟಿದ್ದು ಮರುದಿನ ಮಧ್ಯಾಹ್ನ.

ಮಕ್ಕಳದ್ದೇ ಜಾಸ್ತಿ ಚಿಂತೆ ಯಾಕೆ? ಇಂಥ ಅಪಘಾತದಲ್ಲಿ ವಿಕಿರಣ ಸೂಸುವ ಅಯೋಡಿನ್-131 ಗಾಳಿಗೆ ಸೇರುತ್ತದೆ. ಹುಲ್ಲಿನ ಮೇಲೆ ಬಿದ್ದು, ಹಸುವಿನ ಹೊಟ್ಟೆ ಸೇರಿ, ಹಾಲಿನಲ್ಲಿ ಬರುತ್ತದೆ. ಬೆಳೆಯುವ ಮಕ್ಕಳ ಥೈರಾಯ್ಡ್ ಗ್ರಂಥಿ ಅದನ್ನು ಬೇಗ ಹೀರಿಕೊಳ್ಳುತ್ತದೆ. ಅದಕ್ಕೆ ಮೊದಲೇ ಪೊಟ್ಯಾಸಿಯಂ ಅಯೋಡೈಡ್ ಕೊಟ್ಟರೆ ಗ್ರಂಥಿ ತುಂಬಿರುತ್ತದೆ, ವಿಷಕ್ಕೆ ಜಾಗ ಸಿಗುವುದಿಲ್ಲ. ತಡವಾದರೆ ಮಾತ್ರೆಯಿಂದ ಹೆಚ್ಚು ಪ್ರಯೋಜನವಿಲ್ಲ. ಪೋಲೆಂಡ್ ಇದನ್ನು ಬೇಗ ಅರಿತಿತು. ಏಪ್ರಿಲ್ 29ರಿಂದಲೇ ಸುಮಾರು ಒಂದು ಕೋಟಿ ಮಕ್ಕಳಿಗೆ ಅಯೋಡಿನ್ ದ್ರಾವಣ ಕುಡಿಸಿತು. ಸೋವಿಯತ್ ಹಳ್ಳಿಗಳಲ್ಲಿ ಮಕ್ಕಳು ಅದೇ ಹಾಲು ಕುಡಿಯುತ್ತಲೇ ಇದ್ದರು. ಮುಂದೆ ಅಲ್ಲಿ ಸಾವಿರಾರು ಜನರಿಗೆ ಥೈರಾಯ್ಡ್ ಕ್ಯಾನ್ಸರ್ ಬಂತು.

ಶಾಲೆಯ ಪ್ರಶ್ನೆ ಅದಕ್ಕೂ ಮೊದಲೇ ಎದ್ದಿತ್ತು. 1979ರಲ್ಲಿ ಅಮೆರಿಕದ ತ್ರೀ ಮೈಲ್ ಐಲ್ಯಾಂಡ್ ಅಣುಸ್ಥಾವರದಲ್ಲಿ ಅಪಘಾತವಾದಾಗ ಗವರ್ನರ್ ಸುತ್ತಲಿನ ಶಾಲೆಗಳನ್ನು ಮುಚ್ಚಿಸಿದ್ದು ಎರಡು ದಿನ ಕಳೆದ ಮೇಲೆ. ಆಮೇಲೆ ಸ್ಥಾವರದ ಸುತ್ತ 10 ಮೈಲಿಯೊಳಗೆ ತುರ್ತು ಯೋಜನೆ ಕಡ್ಡಾಯವಾಯಿತು. ನ್ಯೂಯಾರ್ಕ್ ಬಳಿಯ ಶೋರ್‌ಹ್ಯಾಮ್ ಸ್ಥಾವರದ ಸುತ್ತಲಿನ ಶಾಲಾ ಬಸ್ ಚಾಲಕರನ್ನೇ ಕೇಳಿದರು: ಸೈರನ್ ಆದರೆ ಏನು ಮಾಡುತ್ತೀರಿ? ಮೊದಲು ನಮ್ಮ ಮನೆಯವರನ್ನು ನೋಡಿಕೊಳ್ಳುತ್ತೇವೆ ಎಂದವರೇ ಹೆಚ್ಚು. ಸಹಜ ಅಲ್ವಾ? ಜನರನ್ನು ಹೊರಸಾಗಿಸುವ ಯೋಜನೆ ಒಪ್ಪಿಗೆಯಾಗದೆ, ಕಟ್ಟಿ ಮುಗಿಸಿದ್ದ ಆ ಸ್ಥಾವರ ವಾಣಿಜ್ಯ ಉತ್ಪಾದನೆ ಶುರು ಮಾಡದೆಯೇ ಮುಚ್ಚಿತು.

2011ರಲ್ಲಿ ಜಪಾನಿನ ಫುಕುಶಿಮಾ ಸ್ಥಾವರದ ಅಪಘಾತ. ಅಲ್ಲಿ ಜಗಳ ಆಟದ ಮೈದಾನದ ಮೇಲೆ ಬಂತು. ಮಕ್ಕಳ ಮೈಗೆ ತಗಲುವ ವಿಕಿರಣ ವರ್ಷಕ್ಕೆ 20 ಮಿಲಿಸೀವರ್ಟ್‌ವರೆಗೆ (ವಿಕಿರಣದ ಅಳತೆ) ಇದ್ದರೆ ಪರವಾಗಿಲ್ಲ ಎಂದು ಶಿಕ್ಷಣ ಸಚಿವಾಲಯ ಏಪ್ರಿಲ್‌ನಲ್ಲಿ ಹೇಳಿತು. ತಂದೆತಾಯಂದಿರು ಸುಮ್ನೆ ಕೂರಲಿಲ್ಲ. ಮೇ ತಿಂಗಳಲ್ಲಿ ಸಚಿವಾಲಯ 1 ಮಿಲಿಸೀವರ್ಟ್ ಗುರಿಗೆ ಇಳಿಯಬೇಕಾಯಿತು. ಮೈದಾನಗಳ ಮೇಲ್ಮಣ್ಣು ಕೆರೆದು ತೆಗೆದರು.

ನಮ್ಮ ಉತ್ತರ ಕನ್ನಡದ ಕೈಗಾದಲ್ಲಿ, ಕಾಳಿ ನದಿಯ ದಂಡೆಯಲ್ಲಿ, 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳಿವೆ. ಅವುಗಳ ವಿನ್ಯಾಸ ಚೆರ್ನೋಬಿಲ್‌ನದ್ದಲ್ಲ, ಅದನ್ನು ಒಪ್ಪಲೇಬೇಕು. ಆದರೂ ಭಾರತದ ನಿಯಮದಲ್ಲಿ ಸ್ಥಾವರದ ಸುತ್ತ 16 ಕಿಲೋಮೀಟರ್‌ವರೆಗೆ ತುರ್ತು ಯೋಜನೆ ಇರಬೇಕು. ಸ್ಥಾವರದ ಗೇಟಿನಾಚೆ ಅದರ ಹೊಣೆ ಜಿಲ್ಲಾಡಳಿತದ್ದು. ಎರಡು ವರ್ಷಕ್ಕೊಮ್ಮೆ ಅಣಕು ಕಾರ್ಯಾಚರಣೆಯೂ ನಡೆಯಬೇಕು.

ಮೊದಲ ಸೂಚನೆ ಸರಳ: ಒಳಗಿರಿ, ಕಿಟಕಿ ಬಾಗಿಲು ಮುಚ್ಚಿ. ಆದರೆ ಹೆಂಚಿನ ಮಾಡಿನ, ಸಂದು ಬಿಟ್ಟ ಕಿಟಕಿಯ ಕೊಠಡಿ ಎಷ್ಟು ಗಾಳಿ ತಡೆದೀತು? ಯಾವ ಶಾಲೆಯ ಮಕ್ಕಳು ಹತ್ತಿರದ ಯಾವ ಆರ್‌ಸಿಸಿ ಕಟ್ಟಡಕ್ಕೆ ಹೋಗಬೇಕು ಎಂದು ಮೊದಲೇ ಬರೆದಿಡಬೇಕು. ಪೊಟ್ಯಾಸಿಯಂ ಅಯೋಡೈಡ್ ಮಾತ್ರೆ ಮೂರರಿಂದ ಹನ್ನೆರಡು ವರ್ಷದವರಿಗೆ 65 ಮಿಲಿಗ್ರಾಂ, ಅದಕ್ಕಿಂತ ದೊಡ್ಡವರಿಗೆ 130. ಈ ಲೆಕ್ಕ ಮುಖ್ಯೋಪಾಧ್ಯಾಯರಿಗೆ ಬಾಯಿಪಾಠ ಇರಬೇಕು, ಮಾತ್ರೆ ಶಾಲೆಯ ಬೀರುವಿನಲ್ಲೇ ಇರಬೇಕು. ಮಕ್ಕಳನ್ನು ಎಲ್ಲಿಗೆ ಕರೆದೊಯ್ಯುತ್ತಾರೆ ಎಂಬುದು ಮನೆಯವರಿಗೂ ಮುಂಚೆಯೇ ತಿಳಿದಿರಬೇಕು. ಇಲ್ಲದಿದ್ದರೆ ಅವತ್ತು ಎಲ್ಲರೂ ಬೈಕ್ ಹತ್ತಿ ಶಾಲೆಗೇ ಓಡುತ್ತಾರೆ, ಬಸ್ಸು ಹೊರಡಬೇಕಾದ ರಸ್ತೆ ಅಲ್ಲೇ ಕಟ್ಟಿಹೋಗುತ್ತದೆ.