‘ಶಾ ನಾ ನಾ’ ತಂಡದ ಮೊದಲ ಆಲ್ಬಂ ಮತ್ತು ಅದರ ಹಿಂದಿನ ದನಿಗಳು

1969ರಲ್ಲಿ ಅಮೆರಿಕದ ಕಾಮಸೂತ್ರ ರೆಕಾರ್ಡ್ಸ್ ಸಂಸ್ಥೆ ‘ರಾಕ್ ಅಂಡ್ ರೋಲ್ ಈಸ್ ಹಿಯರ್ ಟು ಸ್ಟೇ’ ಎಂಬ ಎಲ್‌ಪಿಯನ್ನು ಹೊರತಂದಿತು. ಹಾಡಿದವರು ‘ಶಾ ನಾ ನಾ’ ಎಂಬ ಹೆಸರಿನ, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಹುಡುಗರು; ಹಾಡುಗಳು ಮಾತ್ರ ಬಹುಪಾಲು ಹತ್ತು ಹನ್ನೆರಡು ವರ್ಷ ಹಿಂದಿನವು, ಬೇರೆಯವರು ಹಾಡಿ ಗೆಲ್ಲಿಸಿದವು. ಆಲ್ಬಂಗೆ ಹೆಸರು ಕೊಟ್ಟ ಹಾಡು ಕೂಡ 1958ರಲ್ಲಿ ಫಿಲಡೆಲ್ಫಿಯಾದ ‘ಡ್ಯಾನಿ ಅಂಡ್ ದ ಜೂನಿಯರ್ಸ್’ ತಂಡದಿಂದ ಬಂದದ್ದು.

ವಿಯೆಟ್ನಾಂ ಯುದ್ಧದ ವಿರುದ್ಧ ಯುವಜನರು ಬೀದಿಗಿಳಿದಿದ್ದ ಕಾಲದಲ್ಲಿ ಈ ಹಳೆಯ ಪ್ರೇಮಗೀತೆಗಳು ಯಾರಿಗೆ ಬೇಕಿದ್ದವು? ಉತ್ತರ ಆ ಕ್ಯಾಂಪಸ್ಸಿನಲ್ಲೇ ಇದೆ. 1968ರ ಏಪ್ರಿಲ್‌ನಲ್ಲಿ ಕೊಲಂಬಿಯಾದ ಕಟ್ಟಡಗಳನ್ನು ವಿದ್ಯಾರ್ಥಿಗಳು ವಶಪಡಿಸಿಕೊಂಡರು, ಪೊಲೀಸರು ಒಳನುಗ್ಗಿ ನೂರಾರು ಜನರನ್ನು ಬಂಧಿಸಿದರು, ಕ್ಯಾಂಪಸ್ ಚಳವಳಿಯ ಪರ-ವಿರೋಧ ಎರಡು ಬಣಗಳಾಗಿ ಒಡೆದುಹೋಯಿತು. ವಾದ್ಯವಿಲ್ಲದೆ ಹಾಡುತ್ತಿದ್ದ, ಮುಂದೆ ‘ಶಾ ನಾ ನಾ’ ಆದ ಅಲ್ಲಿನ ‘ಕಿಂಗ್ಸ್‌ಮೆನ್’ ತಂಡದ ರಾಬ್ ಲಿಯೊನಾರ್ಡ್ ಮತ್ತು ಅವರ ಅಣ್ಣ ಜಾರ್ಜ್ ಲಿಯೊನಾರ್ಡ್, ಎರಡೂ ಬಣದವರು ಬಾಲ್ಯದಲ್ಲಿ ರೇಡಿಯೊದಲ್ಲಿ ಕೇಳಿದ್ದ ಹಾಡುಗಳತ್ತ ತಿರುಗಿದರು. ಜಾರ್ಜ್ ಅದಕ್ಕೆ ವೇಷವನ್ನೂ ಕುಣಿತವನ್ನೂ ಸೇರಿಸಿದರು: ಎಣ್ಣೆ ಮೆತ್ತಿ ಹಿಂದಕ್ಕೆ ಬಾಚಿದ ಕೂದಲು, ಚರ್ಮದ ಜಾಕೆಟ್, ಮಿರಮಿರನೆ ಮಿಂಚುವ ಚಿನ್ನದ ಬಣ್ಣದ ಉಡುಪು.

ಆದರೆ ಈ ಹಾಡುಗಳ ಡೂ-ವಾಪ್ ಎಂಬ ಗುಂಪುಗಾಯನದ ಶೈಲಿ ಹುಟ್ಟಿದ್ದು ಆ ಜಾಕೆಟ್ಟುಗಳ ಲೋಕದಲ್ಲಲ್ಲ. ಹಾರ್ಲೆಮ್, ಬಾಲ್ಟಿಮೋರ್, ಫಿಲಡೆಲ್ಫಿಯಾ, ಷಿಕಾಗೊಗಳ ಕಪ್ಪು ಜನರ ಬಡಾವಣೆಗಳಲ್ಲಿ, ವಾದ್ಯ ಕೊಳ್ಳಲು ಕಾಸಿಲ್ಲದ ಹುಡುಗರು ಬೀದಿ ಮೂಲೆಗಳಲ್ಲೂ ದನಿ ಮಾರ್ದನಿಸುವ ಮೆಟ್ಟಿಲುಸಾಲುಗಳಲ್ಲೂ ನಿಂತು ಅದನ್ನು ರೂಪಿಸಿದರು. ಒಬ್ಬ ಮುಖ್ಯ ಸಾಲು ಹಾಡುತ್ತಾನೆ, ಅವನ ಮೇಲೆ ತೀರಾ ಎತ್ತರದ ಒಂದು ದನಿ, ತಳದಲ್ಲಿ ಮಂದ್ರ ದನಿ, ನಡುವೆ ಉಳಿದವರು ಅರ್ಥವಿಲ್ಲದ ಉಲಿಗಳಿಂದ ವಾದ್ಯದ ಜಾಗ ತುಂಬುತ್ತಾರೆ. ನಮ್ಮ ಕುಟ್ಟುವ ಹಾಡಿನ ‘ಸುವ್ವಿ’ಯಂತೆ ಇಲ್ಲಿಯೂ ಆ ಉಲಿ ಬರಿಯ ಅಲಂಕಾರವಲ್ಲ, ಹಾಡು ನಿಂತಿರುವುದೇ ಅದರ ಮೇಲೆ. ಫಿಲಡೆಲ್ಫಿಯಾದ ‘ಸಿಲ್ಹೂಟ್ಸ್’ ತಂಡ ‘ಗೆಟ್ ಎ ಜಾಬ್’ ಹಾಡಿನಲ್ಲಿ ಹಾಡಿದ ಅಂಥದೇ ಉಲಿ ‘ಶಾ ನಾ ನಾ’. ಕೆಲಸ ಸಿಗದವನ ಅಳಲು ಹೇಳುವ ಆ ಹಾಡು 1958ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯ ತುದಿ ಮುಟ್ಟಿತ್ತು. ಕೊಲಂಬಿಯಾದ ತಂಡ ತನ್ನ ಹೆಸರನ್ನೇ ಅಲ್ಲಿಂದ ಪಡೆಯಿತು.

1964ರಲ್ಲಿ ಬ್ರಿಟಿಷ್ ತಂಡಗಳ ಅಲೆ ಬಂದಾಗ ಆ ಗಾಯಕರಲ್ಲಿ ಹೆಚ್ಚಿನವರು ಮೂಲೆ ಸೇರಿದರು. 13ರ ವಯಸ್ಸಿನಲ್ಲಿ ದೇಶವನ್ನೇ ಮರುಳು ಮಾಡಿದ್ದ ಫ್ರಾಂಕಿ ಲೈಮನ್ 1968ರಲ್ಲಿ, 25ರ ಹರೆಯದಲ್ಲಿ ತೀರಿಕೊಂಡ. ಮರುವರ್ಷ ಆಗಸ್ಟ್ 18ರ ಸೋಮವಾರ ಬೆಳಿಗ್ಗೆ, ವುಡ್‌ಸ್ಟಾಕ್ ಸಂಗೀತ ಉತ್ಸವದ ಬಹುಪಾಲು ಜನ ಮನೆಗೆ ಹೊರಟ ಮೇಲೆ, ಜಿಮಿ ಹೆಂಡ್ರಿಕ್ಸ್‌ಗಿಂತ ಮುಂಚೆ ‘ಶಾ ನಾ ನಾ’ ವೇದಿಕೆ ಏರಿತು. ಆ ಉತ್ಸವದ ಬಗೆಗಿನ 1970ರ ಸಾಕ್ಷ್ಯಚಿತ್ರದಲ್ಲಿ ಸೇರಿದ ಅವರ ‘ಅಟ್ ದ ಹಾಪ್’ ತಂಡವನ್ನು ದೇಶದಾದ್ಯಂತ ಪರಿಚಯಿಸಿತು. ಮುಂದೆ 1977ರಿಂದ ಅವರದೇ ಟೆಲಿವಿಷನ್ ಸರಣಿ, 1978ರಲ್ಲಿ ಅವರೂ ಹಾಡಿದ ‘ಗ್ರೀಸ್’ ಚಿತ್ರ ಬಂದವು. ಐವತ್ತರ ದಶಕವೆಂದರೆ ಹೀಗೇ ಇತ್ತು ಎಂದು ಜನ ನಂಬಿದರು. ನನ್ನ ಮಟ್ಟಿಗೆ ಆ ಮೊದಲ ಆಲ್ಬಂ ಐವತ್ತರ ದಶಕದ ದಾಖಲೆಯಲ್ಲ. ದಣಿದ 1969ರ ಯುವಕರು ತಮಗೆ ಬೇಕಾದಂತೆ ಕಟ್ಟಿಕೊಂಡ ಬಾಲ್ಯದ ದಾಖಲೆ. ಅದರಲ್ಲಿನ ಪ್ರೀತಿ ನಿಜವಾದದ್ದೇ, ಆದರೆ ಮೂಲ ಗಾಯಕರ ಮುಖ ಅದರಲ್ಲಿ ಕಾಣುವುದಿಲ್ಲ.

ಹಳೆಯ ಹಾಡುಗಳ ಈ ಪುನರುಜ್ಜೀವನದಿಂದ ಹಳಬರಿಗೂ ಒಂದಿಷ್ಟು ಬಾಗಿಲು ತೆರೆಯಿತೆಂಬುದನ್ನು ಮರೆಯಬಾರದು. 1969ರ ಅಕ್ಟೋಬರ್‌ನಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನ ಫೆಲ್ಟ್ ಫೋರಂನಲ್ಲಿ ರಿಚರ್ಡ್ ನೇಡರ್ ನಡೆಸಿದ ಕಾರ್ಯಕ್ರಮದಲ್ಲಿ ಚಕ್ ಬೆರಿ, ಬಿಲ್ ಹೇಲಿ, ಪ್ಲಾಟರ್ಸ್, ಶಿರೆಲ್ಸ್ ಮತ್ತೆ ಹಾಡಿದರು. ಅದರ ಬೆನ್ನಿಗೇ ಹಳೆಯ ತಂಡಗಳ ಹೆಸರಿಟ್ಟುಕೊಂಡು ಊರೂರು ತಿರುಗುವ ನಕಲಿ ತಂಡಗಳ ಪಿಡುಗು ಬೆಳೆಯಿತು. ಅದರ ವಿರುದ್ಧ ಮುಂದೆ ನಿಂತವರು ಮೊದಲ ಆಲ್ಬಂನ ನಂತರ ‘ಶಾ ನಾ ನಾ’ ಸೇರಿದ ಜಾನ್ ‘ಬೌಸರ್’ ಬೌಮನ್. ಅವರ ಓಡಾಟದಿಂದ 30ಕ್ಕೂ ಹೆಚ್ಚು ರಾಜ್ಯಗಳಲ್ಲಿ ಕಾನೂನು ಬಂದಿದ್ದು, ಸ್ಥೂಲವಾಗಿ ಹೇಳುವುದಾದರೆ, ಮೂಲ ರೆಕಾರ್ಡಿನಲ್ಲಿ ಹಾಡಿದ ಒಬ್ಬರಾದರೂ ಇಲ್ಲದ, ಹೆಸರಿನ ಹಕ್ಕೂ ಇಲ್ಲದ ತಂಡ ತಾನು ಅನುಕರಣೆಯೆಂದು ಜಾಹೀರಾತಿನಲ್ಲೇ ಹೇಳಬೇಕಾಗುತ್ತದೆ.